ಸಹಾಯ ಬೇಕು: ನನ್ನ ತಮ್ಮ ಗಾಂಜಾ ಬಿಟ್ಟು ನಾಲ್ಕು ತಿಂಗಳು, ಮುಂದೆ?

ನಮಸ್ಕಾರ, ನಾವು ಕಾರವಾರದವರು. ನನ್ನ ತಮ್ಮ ಮೀನು ಹಿಡಿಯುವ ಬೋಟಿನಲ್ಲಿ ಕೆಲಸ ಮಾಡುವವನು. ಧಾರವಾಡದಲ್ಲಿ ಚಿಕಿತ್ಸೆ ಪಡೆದು ಬಂದ ಮೇಲೆ ಗಾಂಜಾ ಮುಟ್ಟಿಲ್ಲ.

ನನಗೆ ಭಯ ಇರುವುದು ಮಳೆಗಾಲದ್ದು. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗೆ ಇಳಿಯುವುದಿಲ್ಲ. ಕೈಯಲ್ಲಿ ಕೆಲಸ ಇಲ್ಲ, ಜೇಬಲ್ಲಿ ಕಾಸಿಲ್ಲ. ಹಳೇ ಗೆಳೆಯರು ಮಾತ್ರ ಸಂಜೆಯಾದರೆ ಬೈಕ್ ತಂದು ನಿಲ್ಲಿಸುತ್ತಾರೆ, 'ಸುಮ್ನೆ ಬೀಚಿಗೆ ಹೋಗಿ ಬರೋಣ ಬಾ' ಅಂತ. ಇತ್ತ ಆಯಿ ದಿನಾ ಅವನ ಅಂಗಿ ಮೂಸಿ ನೋಡುತ್ತಾಳೆ. ಅವನಿಗೆ ಅದೇ ಜಾಸ್ತಿ ನೋವು. ಆಯಿಗೆ ಹೇಗೆ ಹೇಳಲಿ?

ನಶೆ ಬಿಡಿಸುವ ಸಹಾಯವಾಣಿ 14446ಕ್ಕೆ ಫೋನ್ ಮಾಡಿದ್ದೇವೆ, ಮಾತಾಡಿದರು. ಆದರೆ ಹತ್ತಿರದಲ್ಲಿ ಯಾರಾದರೂ ಬೇಕು. ಕಾರವಾರ, ಅಂಕೋಲಾ ಕಡೆ ನಶೆ ಬಿಟ್ಟವರು ವಾರಕ್ಕೊಮ್ಮೆ ಸೇರುವ ಜಾಗ ಇದೆಯಾ? ಆ ಎರಡು ತಿಂಗಳಿಗೆ ಬಲೆ ರಿಪೇರಿ, ಗ್ಯಾರೇಜು, ಏನಾದರೂ ಕೆಲಸ ಇದ್ದರೆ ತಿಳಿಸಿ. ಸಂಬಳ ಕಡಿಮೆಯಾದರೂ ನಡೆಯುತ್ತದೆ.