ಸಹಾಯ ಬೇಕು: ಯುದ್ಧದಿಂದ ಓಡಿಬಂದ ತಾಯಿಗೆ ಆಪ್ತಸಮಾಲೋಚನೆ, ಆದರೆ ದುಭಾಷಿ ಯಾರು?

ನಮಸ್ಕಾರ. ನಾನು ನಿರಾಶ್ರಿತರ ಜೊತೆ ಕೆಲಸ ಮಾಡುವ ಸ್ವಯಂಸೇವಕಿ, ಡಾಕ್ಟರ್ ಅಲ್ಲ. ಒಬ್ಬ ತಾಯಿ ಇದ್ದಾರೆ. ರಾತ್ರಿ ನಿದ್ದೆ ಇಲ್ಲ, ಬಾಗಿಲು ಜೋರಾಗಿ ಬಡಿದರೆ ಸಾಕು ನಡುಗುತ್ತಾರೆ, ಏನಾಯ್ತು ಅಂತ ಕೇಳಿದರೆ ಮಾತ್ರ ತಲೆನೋವು, ಹೊಟ್ಟೆನೋವು ಅಂತಷ್ಟೇ ಹೇಳುತ್ತಾರೆ.

ಹೋದ ಸಲ ಆಸ್ಪತ್ರೆಯಲ್ಲಿ ಅವರ 11 ವರ್ಷದ ಮಗಳನ್ನೇ ದುಭಾಷಿಯಾಗಿ ಕೂರಿಸಿದರು. ಅಮ್ಮನಿಗೆ ಆದದ್ದನ್ನೆಲ್ಲ ಆ ಮಗುವಿನ ಬಾಯಲ್ಲಿ ಹೇಳಿಸುವುದಾ? ಅವರು ಅರ್ಧಕ್ಕೇ ಎದ್ದು ಬಂದರು, ಈಗ ಮತ್ತೆ ಹೋಗಲ್ಲ ಅಂತಾರೆ. ನಿರಾಶ್ರಿತೆಯಾಗಿ ಇಲ್ಲೇ ಉಳಿಯಲು ಹಾಕಿದ ಆಶ್ರಯದ ಅರ್ಜಿ ಬೇರೆ ಬಾಕಿ ಇದೆ, ಹೇಳಿದ್ದು ಅಧಿಕಾರಿಗಳ ಕಿವಿಗೆ ಬಿದ್ದರೆ ಅನ್ನೋ ಭಯ.

ವಿಶ್ವ ಆರೋಗ್ಯ ಸಂಸ್ಥೆಯ ‘ಪ್ರಾಬ್ಲಂ ಮ್ಯಾನೇಜ್‌ಮೆಂಟ್ ಪ್ಲಸ್’ ಅನ್ನೋ ಆಪ್ತಸಮಾಲೋಚನೆ ಕಾರ್ಯಕ್ರಮದ ಬಗ್ಗೆ ಓದಿದೆ. 5 ಭೇಟಿಗಳದ್ದು, ತರಬೇತಿ ಪಡೆದರೆ ನನ್ನಂಥವರೂ ನಡೆಸಬಹುದು, ಅನುಭವಿಗಳ ಮೇಲ್ವಿಚಾರಣೆ ಇರಬೇಕು ಅಷ್ಟೆ. ಇವರಿಗೆ ಅದು ಸಾಕಾ? ಅಥವಾ ಬದುಕಿನ ಕಥೆಯನ್ನು ಮೊದಲಿಂದ ಕ್ರಮವಾಗಿ ಹೇಳಿಸುವ ನ್ಯಾರೇಟಿವ್ ಎಕ್ಸ್‌ಪೋಷರ್ ಥೆರಪಿಗೇ ಕಳಿಸಬೇಕಾ? ಅರ್ಜಿ ಇತ್ಯರ್ಥ ಆಗುವ ಮುಂಚೆ ಅದನ್ನು ಶುರು ಮಾಡಿದವರು ಯಾರಾದರೂ ಇದ್ದೀರಾ? ಇನ್ನೊಂದು, ಅವರದೇ ಸಮುದಾಯದ ದುಭಾಷಿ ಬೇಡ ಅಂತಾರೆ, ಸುದ್ದಿ ಹರಡುತ್ತೆ ಅಂತ. ಮುಖ ಕಾಣದ ಹಾಗೆ ಫೋನಿನಲ್ಲೇ ದುಭಾಷಿ ಇಟ್ಟುಕೊಂಡು ನಡೆಸಿದವರಿದ್ದರೆ ದಯವಿಟ್ಟು ಹೇಳಿ. ಸುಮ್ನೆ ‘ಧೈರ್ಯ ಹೇಳಿ’ ಅನ್ನಬೇಡಿ, ಅದು ಆಗಿದೆ.