ಒಣಗಿಸಿದ ಪುದೀನ ಕಪ್ಪು, ಕರಿಬೇವಿಗೆ ಹುಲ್ಲಿನ ವಾಸನೆ: ತಪ್ಪು ಹೊಲದಲ್ಲೋ, ಒಣಗಿಸೋದರಲ್ಲೋ?

ಬದುಬೇಲಿ:
ಹತ್ತು ಗುಂಟೆ ಪುದೀನ ಇದೆ, ಬದುವಿನುದ್ದಕ್ಕೂ ಧಾರವಾಡದ ಡಿಡಬ್ಲ್ಯೂಡಿ-2 ತಳಿಯ ಕರಿಬೇವು. ಪುದೀನಕ್ಕೆ ಅರ್ಧ ಬಿಸಿಲು ತಡೆಯುವ ಶೇ 50ರ ನೆರಳುಬಲೆ, ಪ್ರತಿ ಕಟಾವಾದ ಮೇಲೆ ಯೂರಿಯಾ, ದಿನ ಬಿಟ್ಟು ದಿನ ಹನಿ ನೀರು. ಬೆಳಿಗ್ಗೆ ಕೊಯ್ದು ಗೋಣಿಚೀಲಕ್ಕೆ ತುಂಬಿ, ಮಧ್ಯಾಹ್ನದ ಹೊತ್ತಿಗೆ ತಾರಸಿಯ ಟಾರ್ಪಾಲಿನ ಮೇಲೆ ಹರವುತ್ತೇವೆ. ಪುದೀನ ಕಂದುಗಪ್ಪಾಗುತ್ತೆ. ಕರಿಬೇವು ಬಿಳಚಿಕೊಂಡು ಒಣಹುಲ್ಲಿನ ವಾಸನೆ ಬರುತ್ತೆ. ಟ್ರೇ ಡ್ರೈಯರ್ (ಜಾಲರಿ ತಟ್ಟೆಯಲ್ಲಿ ಹರವಿ ಬಿಸಿಗಾಳಿಗೆ ಒಣಗಿಸುವ ಯಂತ್ರ) ಕೊಂಡರೆ ಸರಿಹೋಗುತ್ತಾ? ಎಷ್ಟು ಡಿಗ್ರಿ ಇಡಬೇಕು? ಮೊದಲು ಬಿಸಿನೀರಿಗೆ ಅದ್ದಬೇಕು ಅಂತಾರೆ, ನಿಜವಾ?

ಒಣಗೂಡು:
ಡ್ರೈಯರ್ ಆಮೇಲೆ, ಮೊದಲು ಗೋಣಿಚೀಲ ಬಿಡಿ. ನಿಮ್ಮ ಪುದೀನ ತಾರಸಿಗೆ ಬರುವ ಮುಂಚೆಯೇ ಅರ್ಧ ಕಪ್ಪಾಗಿರುತ್ತೆ. ಕೊಯ್ದ ಎಲೆ ಉಸಿರಾಡುತ್ತಲೇ ಇರುತ್ತೆ, ಒತ್ತಿ ತುಂಬಿದ ಚೀಲದ ನಡುವೆ ಬಿಸಿ ಕಟ್ಟುತ್ತೆ. ಜಜ್ಜಿದ ಕಡೆ ಜೀವಕೋಶ ಒಡೆದು ಪಾಲಿಫಿನಾಲ್ ಆಕ್ಸಿಡೇಸ್ ಅನ್ನೋ ಕಿಣ್ವಕ್ಕೆ ಗಾಳಿ ಸಿಕ್ಕರೆ ಎಲೆ ಕಂದಾಗೋದೇ. ಚೀಲದ ಮಧ್ಯಕ್ಕೆ ಕೈ ಹಾಕಿ, ಬೆಚ್ಚಗಿದ್ದರೆ ಆ ಸರಕು ಹೋಯಿತು ಅಂತಲೇ ತಿಳಿಯಿರಿ. ತೂತಿನ ಕ್ರೇಟಿನಲ್ಲಿ ಸಡಿಲವಾಗಿ ಹಾಕಿ ನೆರಳಲ್ಲಿಡಿ, ಎರಡು ಗಂಟೆಯೊಳಗೆ ಹರವಿ. ತೊಳೆದರೆ ಫ್ಯಾನಿನ ಗಾಳಿಗೆ ಮೇಲಿನ ನೀರು ಪೂರ್ತಿ ಆರಲಿ.

ಇನ್ನು ತಾರಸಿ. ನೇರ ಬಿಸಿಲು ಪತ್ರಹರಿತ್ತನ್ನು ಸುಡುತ್ತೆ, ಕರಿಬೇವು ಬಿಳಚೋದು ಅದಕ್ಕೇ. ಟಾರ್ಪಾಲಿನಲ್ಲಿ ಕೆಳಗಿನಿಂದ ಗಾಳಿಯೂ ಆಡಲ್ಲ. ಡ್ರೈಯರ್ ಇದ್ದರೆ ಪುದೀನಕ್ಕೆ ಮೊದಲ ಒಂದು ಗಂಟೆ 45 ಡಿಗ್ರಿ. ನೀರು ಆವಿಯಾಗುತ್ತಿರುವಷ್ಟು ಹೊತ್ತು ಎಲೆ ತಂಪಾಗೇ ಇರುತ್ತೆ. ಆಮೇಲೆ 40ಕ್ಕೆ ಇಳಿಸಿ. ಕರಿಬೇವು 50 ತಡೆಯುತ್ತೆ, 60 ದಾಟಿಸಬೇಡಿ. ಒಂದು ಚದರ ಮೀಟರ್ ಜಾಲರಿಗೆ ಒಂದರಿಂದ ಒಂದೂವರೆ ಕಿಲೊ ಸಾಕು. ಶುರುವಿನಲ್ಲಿ ತೇವದ ಗಾಳಿ ಹೊರಹೋಗುವ ಕಿಂಡಿ ಪೂರ್ತಿ ತೆರೆದಿಡಿ. ಬಹಳಷ್ಟು ಜನ ಬಿಸಿ ಉಳಿಸೋಕೆ ಅದನ್ನು ಮುಚ್ಚಿ ಎಲೆಯನ್ನು ಬೇಯಿಸಿಬಿಡುತ್ತಾರೆ.

ಗಂಟೆ ಲೆಕ್ಕ ನಂಬಬೇಡಿ, ತೂಕ ನೋಡಿ. ಬಿಡಿಸಿದ ಪುದೀನ ಎಲೆಯಲ್ಲಿ ಸುಮಾರು ಶೇ 85 ನೀರು. 100 ಗ್ರಾಂ ಎಲೆ 16–17 ಗ್ರಾಂಗೆ ಇಳಿದರೆ ತೇವ ಶೇ 8–10ರ ಹತ್ತಿರ ಬಂತು. ಕರಿಬೇವಿನಲ್ಲಿ ನೀರು ಶೇ 65ರ ಆಸುಪಾಸು, ಅದು 38 ಗ್ರಾಂಗೆ ನಿಲ್ಲಬೇಕು. ದಂಟಿನ ಸಮೇತ ಒಣಗಿಸಿದರೆ ಎಲೆ ಪುಡಿಯಾದರೂ ದಂಟಿನೊಳಗೆ ತೇವ ಉಳಿದು, ಡಬ್ಬಿಯಲ್ಲಿ ಅದೇ ಬೂಷ್ಟಿಗೆ ದಾರಿ.

ಮಣ್ಣುಮಾತು:
ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಅದು ಇದ್ದ ಗುಣವನ್ನು ಉಳಿಸುವ ಮಾತು. ಗಿಡ ಘಮವನ್ನೇ ಕಟ್ಟದಿದ್ದರೆ ಡ್ರೈಯರ್ ಏನು ಉಳಿಸೀತು?

ಪುದೀನದ ಘಮ ಕೊಡುವ ಎಣ್ಣೆ ಎಲೆಯ ಮೇಲ್ಮೈಯ ಸಣ್ಣ ಗ್ರಂಥಿಗಳಲ್ಲಿರುತ್ತೆ, ಅವಕ್ಕೆ ಬೆಳಕು ಬೇಕು. ಶೇ 50ರ ಬಲೆಯಡಿ ಎಲೆ ಅಗಲ, ತೆಳು, ನೀರು ಜಾಸ್ತಿ. ಹಸಿ ಕಟ್ಟು ಮಾರೋಕೆ ಅದು ಚೆಂದ, ಒಣಗಿಸೋಕಲ್ಲ. ಏಪ್ರಿಲ್–ಮೇ ಬಿಟ್ಟು ಬಲೆ ತೆಗೆಯಿರಿ. ಯೂರಿಯಾದ್ದೂ ಅದೇ ಕಥೆ: ಸೊಪ್ಪಿನ ತೂಕ ಏರುತ್ತೆ, ಒಣ ತೂಕ ಆ ಲೆಕ್ಕಕ್ಕೆ ಏರಲ್ಲ, ತೆಳು ಎಲೆ ಬೇಗ ಜಜ್ಜುತ್ತೆ. ಕಟಾವಾದ ವಾರದೊಳಗೆ ಒಂದೇ ಸಲ, ಕಡಿಮೆ ಕೊಟ್ಟು ನಿಲ್ಲಿಸಿ. ಕೊಯ್ಲಿಗೆ ಮೂರು–ನಾಲ್ಕು ದಿನ ಮುಂಚೆ ನೀರು ನಿಲ್ಲಿಸಿ. ಗಿಡ ಬಾಡಬಾರದು, ಬಾಯಾರಬೇಕು ಅಷ್ಟೇ. ಎಣ್ಣೆಯ ಪ್ರಮಾಣ ಏರುತ್ತೆ, ಒಣಗಿಸುವ ಕರೆಂಟೂ ಉಳಿಯುತ್ತೆ.

ಪುದೀನವನ್ನು ಹೂ ಕಾಣಿಸಿಕೊಳ್ಳುವ ಹೊತ್ತಿಗೆ, ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು ಕೊಯ್ಯಿರಿ. ಕರಿಬೇವಿನ ಚಿಗುರು ಒಣಗಿಸೋಕೆ ಲಾಯಕ್ಕಲ್ಲ, ಬಲಿತ ಕಡುಹಸಿರು ಎಲೆ ಬೇಕು. ಸುಣ್ಣದಂಶದ ಕಪ್ಪು ಮಣ್ಣಿನಲ್ಲಿ ಕಬ್ಬಿಣ ಸಿಗದೆ ಹಳದಿ ತಿರುಗಿದ ಎಲೆಯನ್ನು ಎಷ್ಟು ಜತನದಿಂದ ಒಣಗಿಸಿದರೂ ಹಸಿರು ಬರಲ್ಲ. ಎಲೆ ತಿನ್ನುವ ನಿಂಬೆ ಚಿಟ್ಟೆಯ ಹುಳಕ್ಕೆ ಏನಾದರೂ ಸಿಂಪಡಿಸಿದ್ದರೆ ಲೇಬಲ್ಲಿನಲ್ಲಿರುವ ಕಾಯುವ ಅವಧಿ ಮುಗಿಯಲಿ. ಎಲೆ ಒಣಗಿ ತೂಕ ಸುಮಾರು ಮೂರರಲ್ಲೊಂದು ಪಾಲು ಆಯಿತೆಂದರೆ ಎಲೆಯಲ್ಲಿ ಉಳಿದ ಔಷಧ ಅಷ್ಟೇ ಪಟ್ಟು ಗಟ್ಟಿಯಾಯಿತು ಅಂತ ಅರ್ಥ.

ಒಗ್ಗರಣೆಬುಟ್ಟಿ:
ಬಿಸಿನೀರಿನ ವಿಷಯ ಯಾರೂ ಹೇಳಲಿಲ್ಲ. ಪುದೀನಕ್ಕೆ ಬೇಡವೇ ಬೇಡ. ಕಿಣ್ವ ಸಾಯುತ್ತೆ ನಿಜ, ಬಣ್ಣ ನಿಲ್ಲುತ್ತೆ, ಆದರೆ ಮೇಲ್ಮೈ ಗ್ರಂಥಿ ಒಡೆದು ಘಮ ಪಾತ್ರೆಯಲ್ಲೇ ಉಳಿಯುತ್ತೆ. ಕರಿಬೇವಿನ ಎಣ್ಣೆ ನಿಂಬೆ ಜಾತಿಯ ಗಿಡಗಳಂತೆ ಎಲೆಯ ಒಳಗೇ ಇರೋದರಿಂದ ಸ್ವಲ್ಪ ತಡೆಯುತ್ತೆ. ಹಸಿರು ಪುಡಿಯೇ ಬೇಕು ಅನ್ನುವ ಗಿರಾಕಿ ಇದ್ದರೆ ಮಾತ್ರ ಮಾಡಿ: 80 ಡಿಗ್ರಿ ನೀರು, ಲೀಟರಿಗೆ 1 ಗ್ರಾಂ ಅಡುಗೆ ಸೋಡಾ, ಒಂದು ನಿಮಿಷ, ತಕ್ಷಣ ತಣ್ಣೀರು. ಸೋಡಾ ಯಾಕೆಂದರೆ, ಬಿಸಿಗೆ ಎಲೆಯ ಹುಳಿ ಬಿಟ್ಟುಕೊಂಡು ಪತ್ರಹರಿತ್ತಿನ ಮೆಗ್ನೀಸಿಯಂ ಕಳಚಿದರೆ ಹಸಿರು ಹೋಗಿ ಆಲಿವ್ ಬಣ್ಣ ಆಗುತ್ತೆ. ಜಾಸ್ತಿ ಹಾಕಿದರೆ ಎಲೆ ಲೋಳೆ.

ಒಂದು ಮಾತು ಗಿರಾಕಿಗೆ ಮೊದಲೇ ಹೇಳಿಬಿಡಿ. ಹಸಿ ಕರಿಬೇವಿನ ಆ ಚುರುಕು ವಾಸನೆಯ ಮುಖ್ಯ ಪಾಲು ಗಂಧಕವಿರುವ ಒಂದು ಸಂಯುಕ್ತದ್ದು, ಒಣಗಿಸುವಾಗ ಅದು ಬಹುಪಾಲು ಹೋಗುತ್ತೆ. ಒಣ ಎಲೆ ಚಟ್ನಿಪುಡಿಗೆ, ಸಾರಿನ ಪುಡಿಗೆ ಒಳ್ಳೆಯದು. ಒಗ್ಗರಣೆಯಲ್ಲಿ ಹಸಿಯ ಜಾಗ ತುಂಬಲ್ಲ.

ಇಡುವಾಗ ಎಲೆಯನ್ನು ಇಡಿಯಾಗೇ, ಬೆಳಕು ಬೀಳದ ಗಾಳಿಯಾಡದ ಡಬ್ಬಿಯಲ್ಲಿಡಿ. ಪುಡಿ ಬೇಡಿಕೆ ಬಂದಾಗ ಮಾಡಿ. ಡ್ರೈಯರಿನಿಂದ ತೆಗೆದ ಬಿಸಿ ಎಲೆಯನ್ನು ನೇರ ಡಬ್ಬಿಗೆ ಹಾಕಿದರೆ ಒಳಗೆ ಬೆವರುತ್ತೆ, ಪೂರ್ತಿ ಆರಲಿ.

ಬದುಬೇಲಿ:
ಬಲೆ ತೆಗೆಸ್ತೀನಿ, ಕ್ರೇಟ್ ತರ್ತೀನಿ. ಮಳೆಗಾಲದಲ್ಲಿ ಡ್ರೈಯರ್ ಇಲ್ಲದೆ ಕೋಣೆಯ ನೆರಳಲ್ಲೇ ಒಣಗಿಸಬಹುದಾ? ಕೊತ್ತಂಬರಿ ಸೊಪ್ಪನ್ನೂ ಸೇರಿಸೋಣ ಅಂತಿದೀನಿ.

ಒಣಗೂಡು:
ಫೆಬ್ರುವರಿಯ ಬಯಲುಸೀಮೆ ಗಾಳಿಗೆ ನೆರಳೊಣಗು ಬಹಳ ಚೆನ್ನ. ಜುಲೈಯಲ್ಲಿ ಬೇಡ, ಎರಡು ದಿನವಾದರೂ ಎಲೆ ಮೆತ್ತಗೇ ಇದ್ದರೆ ಬೂಷ್ಟೇ ಗತಿ. ಕೊತ್ತಂಬರಿ ಸೊಪ್ಪು ಕೈಬಿಡಿ: ಅದರ ಘಮ ಕೊಡುವ ಆಲ್ಡಿಹೈಡು ಅನ್ನೋ ಸಂಯುಕ್ತಗಳು ಒಣಗುವಾಗಲೇ ಹಾರಿಹೋಗುತ್ತವೆ, ಯಾವ ಡಿಗ್ರಿಯಲ್ಲಿಟ್ಟರೂ ಅಷ್ಟೇ. ಹಸಿಯಾಗೇ ಮಾರಿ, ಉಳಿದದ್ದನ್ನು ಬೀಜಕ್ಕೆ ಬಿಡಿ.