ಈಜಿಪ್ಟ್ ತಲೆಗಳಿರೋ ಫ್ರೆಂಚ್ ಕಮೋಡ್: 1805ರದ್ದು ಅಂತ ನಂಬಬಹುದಾ?

ನದಿತೀರ:
ನಾನಿರೋದು ಲಿಯೋನ್‌ನಲ್ಲಿ. ಭಾನುವಾರ ಹಳೇ ಸಾಮಾನಿನ ಸಂತೆಯಲ್ಲಿ ಮೂರು ಡ್ರಾಯರಿನ ಮಹಾಗನಿ ಪೆಟ್ಟಿಗೆ ನೋಡಿದೆ. ಇಲ್ಲಿಯವರು ಇದಕ್ಕೆ ಕಮೋಡ್ ಅಂತಾರೆ. ಫೋನಲ್ಲಿ 'ಎರಡು ಸಾವಿರ ಯೂರೋಗೆ ಒಂದು ಕಮೋಡ್ ನೋಡಿದೀನಮ್ಮ' ಅಂದ್ರೆ, ಅಮ್ಮ 'ಬಚ್ಚಲಿಗೆ ಅಷ್ಟು ಸುರೀತೀಯಾ?' ಅಂತ ಬೈದ್ರು. ಮುಂದಿನ ಎರಡೂ ಮೂಲೆಯ ಕಂಬದ ತುದಿಯಲ್ಲಿ ನೆರಿಗೆಬಟ್ಟೆ ಹೊದ್ದ ಈಜಿಪ್ಟಿನ ಹೆಣ್ಣಿನ ತಲೆ, ಬುಡದಲ್ಲಿ ಪುಟಾಣಿ ಬರಿಗಾಲು, ಎಲ್ಲಾ ಕಂಚಿನದು. ಮೇಲೆ ಬೂದು ಅಮೃತಶಿಲೆ. ಮಾರೋನು 1805 ಅಂತಾನೆ, ಆದರೆ ಮಾಡಿದವರ ಮುದ್ರೆ ಎಲ್ಲೂ ಇಲ್ಲ.

ಉಳಿಬಾಚಿ:
ಮುದ್ರೆ ಇಲ್ಲ ಅಂತ ಬಿಡಬೇಡಿ. 1791ರಲ್ಲಿ ಕಸುಬುದಾರರ ಸಂಘಗಳನ್ನೇ ರದ್ದು ಮಾಡಿದ್ರಲ್ಲ, ಆಮೇಲೆ ಒತ್ತಲೇಬೇಕು ಅಂತಿರಲಿಲ್ಲ. ನೆಪೋಲಿಯನ್ ಅರಮನೆಗೆ ಮಾಡಿಕೊಡ್ತಿದ್ದ ಜಾಕೋಬ್-ದೆಮಾಲ್ತೆಯಂಥವರು ಒತ್ತುತ್ತಿದ್ರು. ನನ್ನ ಕೇಳಿದ್ರೆ, ಆ ಹೆಸರು ಹೊಳೆಯೋ ಹಾಗೆ ಕಂಡಾಗಲೇ ಹೆಚ್ಚು ಅನುಮಾನ ಪಡಬೇಕು.
ತಲೆ, ಪಾದ ನೋಡ್ತಾ ಕೂರಬೇಡಿ, ಡ್ರಾಯರ್ ಎಳೆದು ಬೋರಲು ಹಾಕಿ. ಒಳಗೆ ಓಕ್ ಇದೆಯಾ? ಮೂಲೆಯಲ್ಲಿ ಹಲಗೆಗಳನ್ನ ಒಂದಕ್ಕೊಂದು ಕಚ್ಚಿಸೋ ಡವ್‌ಟೇಲ್ ಹಲ್ಲುಗಳು ಒಂದಕ್ಕೊಂದು ಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ಕೈಗೆಲಸ. ಮೇಲೆ ಅಂಟಿಸಿದ ಮಹಾಗನಿ ಹೊದಿಕೆಯ ಅಂಚು ನೋಡಿ: ಕೈಗರಗಸದ್ದು ದಪ್ಪ, ಮಷೀನಿನದು ಕಾಗದದ ಹಾಗೆ. ಹಲಗೆ ಹಿಂದೆ ಬಿಲ್ಲಿನಂತೆ ಬಾಗಿದ ಗೀರಿದ್ದರೆ ಚಕ್ರಗರಗಸ ಆಡಿದೆ, 1805 ಮರೆತುಬಿಡಿ.

ಹಳೇ ಕಾಗದ:
'ಈಜಿಪ್ಟಿನಿಂದ ವಾಪಸ್ ಶೈಲಿ' ಅಂತ ಹೇಳಿದ್ನಾ? ವ್ಯಾಪಾರಿಗಳ ಮಂತ್ರ ಅದು. 1798ರಲ್ಲಿ ನೆಪೋಲಿಯನ್ ಸೈನ್ಯದ ಜೊತೆ ಈಜಿಪ್ಟಿಗೆ ಹೋದ ಚಿತ್ರಕಾರ ದೆನೋನ್ ಅಲ್ಲಿಯ ಗುಡಿಗಳನ್ನು ಚಿತ್ರಿಸಿ 1802ರಲ್ಲಿ ಪುಸ್ತಕ ತಂದ, ಹುಚ್ಚು ಹೆಚ್ಚಿದ್ದು ನಿಜ. ಆದರೆ ಇಟಲಿಯ ಅಚ್ಚುಚಿತ್ರಗಾರ ಪಿರಾನೇಸಿ ರೋಮಿನಲ್ಲಿ 1769ರಲ್ಲೇ ಈಜಿಪ್ಟ್ ಮಾದರಿಯ ಅಗ್ಗಿಷ್ಟಿಕೆಗಳನ್ನು ಅಚ್ಚು ಹಾಕಿಸಿದ್ದ. ಆಮೇಲೂ ಇದೇ ತಲೆಗಳು ಮತ್ತೆ ಮತ್ತೆ ಬಂದಿವೆ.
(ಅದೇ ದಂಡಯಾತ್ರೆಯಲ್ಲಿ, 1799ರಲ್ಲಿ, ನೆಪೋಲಿಯನ್ ನಮ್ಮ ಟಿಪ್ಪುವಿಗೂ ಕೈರೋದಿಂದ ಕಾಗದ ಬರೆದಿದ್ದ. ಬ್ರಿಟಿಷರ ಕೈಗೆ ಸಿಕ್ಕಿತು.)

ನದಿತೀರ:
ಇವತ್ತು ಹೋಗಿ ಬಂದೆ. ಡವ್‌ಟೇಲ್ ಎಲ್ಲಾ ಒಂದೇ ಅಳತೆ, ಅಚ್ಚಿಗೆ ಹಾಕಿದ ಇಡ್ಲಿ ಥರ. ಹಿಂದಿನ ಹಲಗೆ ಮೇಲೆ ಬಾಗಿದ ಗೀರು ಸಾಲುಸಾಲು. ತೋರಿಸಿದ್ದಕ್ಕೆ ಮಾರೋನು ಕಾಫಿ ಕುಡೀತಾ 'ಹಾಗಾದ್ರೆ 1880 ಅಂತ ಇಟ್ಕೊಳ್ಳಿ' ಅಂದ! ಆರುನೂರಕ್ಕೆ ಇಳಿದಿದ್ದಾನೆ. ಆ ಬರಿಗಾಲು ಕಣ್ಣಿಂದ ಹೋಗ್ತಿಲ್ಲ, ತಗೋತೀನಿ. ಅಮ್ಮನಿಗೆ ಮಾತ್ರ ಈ ಸಲ ಬಟ್ಟೆ ಬೀರು ಅಂತ ಹೇಳ್ತೀನಿ.